ಲೂಪ್ ನಾಲ್ಕರದ್ದು, ಹಾಡು ಏಳರದ್ದು
ಇಂಟರ್ನಲ್ಸ್ ಮುಗಿದ ರಾತ್ರಿ 12 ಜಿಬಿ ಡ್ರಮ್ ಲೂಪ್ ಇಳಿಸಿಕೊಂಡೆ. ಅಜ್ಜಿ ಹೇಳುತ್ತಿದ್ದ ಹಾಡೊಂದನ್ನು ಹಾಸ್ಟೆಲ್ ರೂಮಿನಲ್ಲೇ ರೆಕಾರ್ಡ್ ಮಾಡುವ ಆಸೆ. ತೆರೆದು ಕೇಳಿದ ಲೂಪ್‌ಗಳೆಲ್ಲ 4/4. ಅಜ್ಜಿಯ ಹಾಡು ಮಿಶ್ರಛಾಪಿನಂತೆ ಏಳೆಣಿಕೆಯದ್ದು, ಮೂರು ಮತ್ತು ನಾಲ್ಕು. 90 ಬಿಪಿಎಂನ ಲೂಪನ್ನು ಸಾಫ್ಟ್‌ವೇರ್‌ನಲ್ಲಿ 84ಕ್ಕೆ ಇಳಿಸಿದರೆ ಕಿವಿಗೆ ಅಷ್ಟಾಗಿ ತಿಳಿಯದು. ಎಣಿಕೆ ಹಾಗೆ ಬಗ್ಗುವುದಿಲ್ಲ. ಹಾಡನ್ನೇ ಎಂಟಕ್ಕೆ ಎಳೆದು ನೋಡಿದೆ. ಅಜ್ಜಿ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗವೇ ಕಳೆದುಹೋಯಿತು.

ಪ್ಯಾಕ್ ಕೊಳ್ಳುವವರು ಜಿಬಿ ನೋಡುತ್ತಾರೆ, ನಾನೂ ನೋಡಿದವನೇ. ನೋಡಬೇಕಾದ್ದು ಎಣಿಕೆ, ಆಮೇಲೆ ಲೈಸೆನ್ಸ್. ಇಂಥ ಹಾಡುಗಳಿಗೆ ಸಿದ್ಧ ಲೂಪಿಗಿಂತ ಬಿಡಿ ಪೆಟ್ಟುಗಳ ಸಂಗ್ರಹವೇ ಮೇಲು, ಏಳನ್ನು ನಾವೇ ಜೋಡಿಸಬಹುದು. ಈಗ 40 ಪೆಟ್ಟುಗಳನ್ನು ಇಟ್ಟುಕೊಂಡಿದ್ದೇನೆ. ಅದರಲ್ಲೊಂದು, ಫೋನಿನಲ್ಲಿ ಹಿಡಿದ ಮೆಸ್ ತಟ್ಟೆಯ ಸದ್ದು.