ಹುಲ್ಲು ಹಿಗ್ಗಿತು, ಕಾಳು ಕುಗ್ಗಿತು

ವೇಗವೇ ಪ್ರಗತಿ ಎಂದು ವಾದಿಸುವವರು ಮೊದಲು ಸಾಕ್ಷಿಗೆ ಕರೆಯುವುದು ಮೋಟಾರು ಕಾರನ್ನು. ಆ ಸಾಕ್ಷಿಯನ್ನೇ ಪಾಟೀಸವಾಲಿಗೆ ಒಳಪಡಿಸೋಣ.

ಜರ್ಮನಿಯ ಪೋರ್ಷೆ ಕಂಪನಿಯು 1964ರಲ್ಲಿ ‘911’ ಎಂಬ ಕಾರಿನ ತಯಾರಿಕೆ ಆರಂಭಿಸಿತು. ಎರಡು ಲೀಟರಿನ ಎಂಜಿನ್, 130 ಅಶ್ವಶಕ್ತಿ, ಸುಮಾರು 1,080 ಕಿಲೋ ತೂಕ, ಗಂಟೆಗೆ 210 ಕಿ.ಮೀ. ಗರಿಷ್ಠ ವೇಗ. ಅದೇ ವಂಶದ 2019ರ ‘ಕರೇರಾ’ ಮಾದರಿಗೆ ಮೂರು ಲೀಟರಿನ ಎಂಜಿನ್, 385 ಅಶ್ವಶಕ್ತಿ, ಸುಮಾರು 1,505 ಕಿಲೋ ತೂಕ, 293 ಕಿ.ಮೀ. ವೇಗ. ಆರಾಮವಾಗಿ ಕೂರಬಲ್ಲವರು ಅಂದೂ ಇಬ್ಬರು, ಇಂದೂ ಇಬ್ಬರು.

ಬೆಳೆ ವಿಜ್ಞಾನದಲ್ಲಿ ‘ಕೊಯ್ಲು ಸೂಚ್ಯಂಕ’ ಎಂಬ ಅಳತೆಗೋಲಿದೆ: ಪೈರಿನ ಒಟ್ಟು ತೂಕದಲ್ಲಿ ಕಾಳಿನ ಪಾಲೆಷ್ಟು? ಎತ್ತರದ ಹಳೆಯ ಭತ್ತದ ತಳಿಗಳಲ್ಲಿ ಅದು ಸುಮಾರು ಶೇ. 30, 1966ರಲ್ಲಿ ಫಿಲಿಪೀನ್ಸಿನಿಂದ ಹೊರಬಂದ ಐ.ಆರ್. 8ರ ಬಳಿಕದ ಗಿಡ್ಡ ತಳಿಗಳಲ್ಲಿ ಶೇ. 50ರ ಆಸುಪಾಸು. ಅದಕ್ಕಾಗಿ ಗೊಬ್ಬರ, ಕೀಟನಾಶಕಗಳ ರೂಪದಲ್ಲಿ ತೆತ್ತ ಬೆಲೆಯನ್ನು ನಾವು ಬಲ್ಲೆವು. ಆದರೂ ಅಲ್ಲಿ ಹುಲ್ಲು ಕುಗ್ಗಿ ಕಾಳು ಹಿಗ್ಗಿತೆಂಬುದು ನಿಜ. ಈಗ ಕಾರನ್ನು ಅಳೆಯಿರಿ. ತಲಾ 65 ಕಿಲೋ ತೂಗುವ ಇಬ್ಬರು ಕುಳಿತರೆ, ಹಳೆಯ ಕಾರಿನ ಒಟ್ಟು ಭಾರದಲ್ಲಿ ಮನುಷ್ಯರ ಪಾಲು ಶೇ. 11ರಷ್ಟು, ಹೊಸದರಲ್ಲಿ ಶೇ. 8. ಇಲ್ಲಿ ಹಿಗ್ಗಿರುವುದು ಹುಲ್ಲು!

ಹೊಸ ಎಂಜಿನ್ ಹೆಚ್ಚು ದಕ್ಷವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೌದು. ಹಳೆಯ ಕಾರು ಸೀಸ ಬೆರೆತ ಪೆಟ್ರೋಲನ್ನು ಸುಟ್ಟು ವಿಷ ಕಾರುತ್ತಿತ್ತು. ಭಾರತವು 2000ದಲ್ಲಿ ಅಂಥ ಪೆಟ್ರೋಲನ್ನು ಕೈಬಿಟ್ಟದ್ದು ಸ್ತುತ್ಯರ್ಹ. ಹೆಚ್ಚಿದ ತೂಕದಲ್ಲಿ ಪ್ರಾಣ ಉಳಿಸುವ ಸಾಧನಗಳ ಪಾಲೂ ಇದೆ. ಹಳೆಯದೆಲ್ಲ ಹೊನ್ನೆಂಬುದು ನನ್ನ ವಾದವಲ್ಲ. ಆದರೆ ದಕ್ಷತೆಯ ಗಳಿಕೆಯನ್ನು ಇಂಧನದ ಉಳಿತಾಯಕ್ಕೆ ಮೀಸಲಿಡದೆ, ಸುಮಾರು ಮೂರು ಪಟ್ಟು ಶಕ್ತಿಯ ಮೋಜಿಗೆ ಸುರಿದದ್ದೇಕೆ? ಯಂತ್ರ ಮಿತವ್ಯಯಿಯಾದಷ್ಟೂ ಒಟ್ಟು ಬಳಕೆ ಏರುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲಿಯೇ ಕಲ್ಲಿದ್ದಲನ್ನು ಕುರಿತು ಎಚ್ಚರಿಸಿದ್ದರು.

ಆ ಕಾರು ನಮ್ಮ ಘಟ್ಟಕ್ಕೆ ಬರುವುದು ಅಪರೂಪ. ಆದರೆ ಅದರ ತರ್ಕ ಈಗಾಗಲೇ ಬಂದು ಬೀಡುಬಿಟ್ಟಿದೆ: ತಿರುವು ನೇರವಾಗಬೇಕು, ರಸ್ತೆ ಅಗಲವಾಗಬೇಕು, ಅದಕ್ಕಾಗಿ ಧರೆ ಕಡಿಯಬೇಕು. ಬುಡ ಕಡಿದ ಇಳಿಜಾರು ಆಸರೆ ಕಳೆದುಕೊಳ್ಳುತ್ತದೆ. ಮಳೆನೀರು ಕುಡಿದ ಮಣ್ಣು ಭಾರವಾಗಿ, ಹಿಡಿತ ಸಡಿಲಿ ಜಾರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಮಾರ್ಗದ ಸಂಚಾರ ನಿಂತಿತು. ಕುಸಿದ ಗುಡ್ಡದೆದುರು ಎಷ್ಟು ಅಶ್ವಶಕ್ತಿಯಿದ್ದರೇನು? ಎಲ್ಲ ವಾಹನಗಳ ವೇಗವೂ ಅಲ್ಲಿ ಸೊನ್ನೆಯೇ.

ಆದ್ದರಿಂದ ಮಿತ್ರರೇ, ರಸ್ತೆ ಅಗಲೀಕರಣದ ಪ್ರಸ್ತಾಪ ನಿಮ್ಮ ಗ್ರಾಮಸಭೆಗೆ ಬಂದಾಗ ಎಷ್ಟು ನಿಮಿಷ ಉಳಿಯುತ್ತದೆಂದು ಮಾತ್ರ ಕೇಳಬೇಡಿ. ಎಷ್ಟು ಜನರನ್ನು ಸಾಗಿಸಲು ಎಷ್ಟು ಗುಡ್ಡವನ್ನು ಕಡಿಯುತ್ತೀರೆಂದು ಕೇಳಿ. ಕಾಳಿನ ಲೆಕ್ಕ ಒಪ್ಪಿಸದವರಿಗೆ ಗದ್ದೆ ಬಿಟ್ಟುಕೊಡುವ ರೈತನಿಲ್ಲ.