ಮುಚ್ಚದೆ ಬಿಟ್ಟ ಒಂದು ಆವರಣ

ಮುದಗಲ್ಲಿನ ಕೋಟೆಯನ್ನು ನೋಡಿದವರಿಗೆ ಗೊತ್ತು: ಕಂದಕ ದಾಟಿ ಹೊರಕೋಟೆಯ ಬಾಗಿಲು ಹೊಕ್ಕ ಮೇಲೆಯೇ ಒಳಕೋಟೆ. ಮರಳುವಾಗ ಮೊದಲು ಒಳಬಾಗಿಲು, ಆಮೇಲೆ ಹೊರಬಾಗಿಲು. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಗಣಿತದ ಆವರಣಗಳಿಗೂ ಇದೇ ನಿಯಮ, ‘ಸಿ’ ಭಾಷೆಯ ಪ್ರೋಗ್ರಾಮಿಗೂ ಇದೇ.

ಈ ಊರಿನ ಹುಡುಗಿಯೊಬ್ಬಳು ಡಿಪ್ಲೊಮಾ ಓದುತ್ತಿದ್ದಾಳೆ ಎನ್ನಿ. ಅರವತ್ತು ಸಾಲಿನ ಪ್ರೋಗ್ರಾಂ ಬರೆದಿದ್ದಾಳೆ. ಇಪ್ಪತ್ತನೆಯ ಸಾಲಿನಲ್ಲಿ ಒಂದು ಪುಷ್ಪಾವರಣ ಮುಚ್ಚುವುದನ್ನು ಮರೆತಿದ್ದಾಳೆ. ಕಂಪೈಲರ್ ದೂರುವುದು ಇಪ್ಪತ್ತನೆಯ ಸಾಲನ್ನಲ್ಲ, ಕಡತದ ಕೊನೆಯನ್ನು! ಪಾಪ, ಅದಕ್ಕೂ ಅಲ್ಲಿಗೆ ಬಂದು ಮುಟ್ಟುವವರೆಗೆ ತಪ್ಪು ಗೊತ್ತಾಗುವುದಿಲ್ಲ. ಹುಡುಗಿ ಕೊನೆಯ ಸಾಲನ್ನೇ ಗಂಟೆಗಟ್ಟಲೆ ತಿದ್ದುತ್ತಾಳೆ. ‘ಇದು ನನ್ನ ತಲೆಗೆ ಹತ್ತುವುದಲ್ಲ’ ಎನ್ನುತ್ತಾಳೆ, ಮನೆಯವರೂ ನಂಬಿಬಿಡುತ್ತಾರೆ. ತಪ್ಪಿದ್ದು ತಲೆಯಲ್ಲಲ್ಲ, ಒಂದು ಚಿಹ್ನೆಯಲ್ಲಿ.

ಇದಕ್ಕೆ ಉಪಾಯವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ‘ವಿಷುಯಲ್ ಸ್ಟುಡಿಯೋ ಕೋಡ್’ ಎಂಬ ಉಚಿತ ಎಡಿಟರಿನಲ್ಲಿ ಜೋಡಿ ಆವರಣಗಳು ಒಂದೇ ಬಣ್ಣದಲ್ಲಿ ಕಾಣುತ್ತವೆ. ಮೊದಲು ಇದಕ್ಕೆ ಬೇರೆ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. 2021ರಲ್ಲಿ ಈ ಸೌಲಭ್ಯ ಎಡಿಟರಿನೊಳಗೇ ಸೇರಿತು. ಹಳೆಯ ಪಾಠಗಳನ್ನು ನೋಡಿ ಆ ಪ್ಲಗಿನ್ ಹುಡುಕುವ ಶ್ರಮ ಈಗ ಬೇಡ. ಮೇನ್ ಫಂಕ್ಷನ್ನಿನ ಪುಷ್ಪಾವರಣ ತೆರೆದ ಬಣ್ಣದಲ್ಲೇ ಕೊನೆಯದು ಮುಚ್ಚಿದೆಯೇ ನೋಡಿ. ಬಣ್ಣ ಬೇರೆಯಾಗಿದ್ದರೆ ನಡುವೆ ಎಲ್ಲೋ ಒಂದು ಬಾಗಿಲು ತೆರೆದೇ ಉಳಿದಿದೆ.

ಎಲ್ಲಿ ಎಂಬುದನ್ನು ತೋರಿಸಲು ಮಾತ್ರ ಇನ್ನೊಂದು ಪ್ಲಗಿನ್ ಬೇಕು. ಕಂಟ್ರೋಲ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿದರೆ ಪ್ಲಗಿನ್‌ಗಳ ಪಟ್ಟಿ ತೆರೆಯುತ್ತದೆ. ಮೈಕ್ರೋಸಾಫ್ಟಿನದೇ ಆದ ‘ಸಿ/ಸಿ ಪ್ಲಸ್ ಪ್ಲಸ್’ ಹುಡುಕಿ ‘ಇನ್‌ಸ್ಟಾಲ್’ ಒತ್ತಿ. ಹೆಸರು ಹೋಲುವ ಬೇರೆಯವೂ ಇರಬಹುದು, ಪ್ರಕಾಶಕರು ಯಾರೆಂದು ಓದಿಯೇ ಒತ್ತಿ. ಬಳಿಕ ವಿಂಡೋಸ್‌ನಲ್ಲಿ ಶಿಫ್ಟ್, ಆಲ್ಟ್, ಎಫ್ ಒತ್ತಿದೊಡನೆ ಸಾಲುಗಳೆಲ್ಲ ತಮ್ಮ ತಮ್ಮ ಮಟ್ಟಕ್ಕೆ ಸರಿದು ನಿಲ್ಲುತ್ತವೆ. ಇಪ್ಪತ್ತನೆಯ ಸಾಲಿನಿಂದಾಚೆ ಎಲ್ಲವೂ ಒಂದು ಹೆಜ್ಜೆ ಬಲಕ್ಕೆ ವಾಲಿದ್ದು ಕಣ್ಣಿಗೆ ಬೀಳುತ್ತದೆ. ಎಲ್ಲಿ ಮುಚ್ಚಬೇಕೆಂದು ಅದು ಹೇಳುವುದಿಲ್ಲ. ಬರೆದವಳ ಮನಸ್ಸಿನಲ್ಲಿದ್ದುದು ಅದಕ್ಕೇನು ಗೊತ್ತು?

ಆವರಣವನ್ನು ಸಾಲಿನ ಕೊನೆಯಲ್ಲಿ ತೆರೆಯಬೇಕೋ, ಹೊಸ ಸಾಲಿನಲ್ಲೋ ಎಂಬ ಜಗಳ ಹಳೆಯದು. ಕರ್ನಿಗನ್ ಮತ್ತು ರಿಚಿ 1978ರ ತಮ್ಮ ಪುಸ್ತಕದಲ್ಲಿ ಫಂಕ್ಷನ್ನಿನ ಆವರಣವನ್ನು ಹೊಸ ಸಾಲಿನಲ್ಲೂ ಇಫ್, ವೈಲ್‌ಗಳದನ್ನು ಅದೇ ಸಾಲಿನಲ್ಲೂ ಇಟ್ಟರು. ಕಂಪ್ಯೂಟರಿಗೆ ಎರಡೂ ಒಂದೇ. ಈ ಪ್ಲಗಿನ್ ತಾನಾಗಿ ಹೊಸ ಸಾಲಿನಲ್ಲಿ ಇಡುತ್ತದೆ. ನಿಮ್ಮ ಪಠ್ಯಪುಸ್ತಕ ಬೇರೆ ರೀತಿಯಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಫಾಲ್‌ಬ್ಯಾಕ್ ಸ್ಟೈಲ್’ ಎಂದು ಹುಡುಕಿ, ‘ವಿಷುಯಲ್ ಸ್ಟುಡಿಯೋ’ ಬದಲು ‘ಗೂಗಲ್’ ಎಂದು ಬರೆದರಾಯಿತು.

ಇನ್ನು ಪರೀಕ್ಷೆಯ ಮಾತು. ಉತ್ತರಪತ್ರಿಕೆಯ ಕಾಗದಕ್ಕೆ ಬಣ್ಣವೂ ಇಲ್ಲ, ಪ್ಲಗಿನ್ನೂ ಇಲ್ಲ. ಎಡಿಟರ್ ತೆರೆದ ಆವರಣವನ್ನು ತಾನೇ ಮುಚ್ಚುವ ಅಭ್ಯಾಸ ಮಾಡಿಸಿದರೆ ಕೈ ಮರೆಯುತ್ತದೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಸೆಟ್ಟಿಂಗ್ಸ್‌ನಲ್ಲಿ ‘ಆಟೋ ಕ್ಲೋಸಿಂಗ್ ಬ್ರಾಕೆಟ್ಸ್’ ಹುಡುಕಿ ‘ನೆವರ್’ ಎಂದು ಇಡಿ. ಮುಗಿದ ಮೇಲೆ ಮೊದಲಿನಂತೆ ಮಾಡಿಕೊಳ್ಳಬಹುದು.