ಆನ್‌ಲೈನ್ ಪಾಠ: ಗ್ರೂಪಿಗೆ ಕಳಿಸಿದರೆ ಮಗುವಿಗೆ ತಲುಪಿತೇ?

2021ರ ಜೂನ್ ತಿಂಗಳ ಒಂದು ಫೋಟೋ ನಿಮಗೆ ನೆನಪಿರಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆ ಬದಿ. ಸುರಿಯುವ ಮಳೆ. ಮೊಬೈಲ್ ಹಿಡಿದು ಪಾಠ ಕೇಳುತ್ತಿರುವ ಎಸ್ಸೆಸ್ಸೆಲ್ಸಿ ಹುಡುಗಿ. ಅವಳು ನೆನೆಯದಂತೆ ಕೊಡೆ ಹಿಡಿದಿರುವ ಅಪ್ಪ. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಅದಕ್ಕೇ ರಸ್ತೆ ಬದಿಯಲ್ಲಿ ತರಗತಿ. ಆ ಫೋಟೋ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹರಿದಾಡಿ ದೇಶವೆಲ್ಲ ಸುತ್ತಿತು. ಕೆಲವರು ಅಪ್ಪನನ್ನು ಹೊಗಳಿದರು, ಕೆಲವರು ನೆಟ್‌ವರ್ಕ್ ಅನ್ನು ಬೈದರು.

ಆದರೆ ಒಂದು ಪ್ರಶ್ನೆ ಹಾಗೇ ಉಳಿಯಿತು. ಸಿಗ್ನಲ್ ಸಿಕ್ಕರೆ ಸಾಕೇ? ಶಾಲೆ ಮುಚ್ಚಿದಾಗ ಮಗು ಮತ್ತು ಶಾಲೆಯ ನಡುವಿನ ನಂಟನ್ನು ಉಳಿಸುವುದು ಏನು?

ಇದು ಹಳೆಯ ಕಥೆಯಲ್ಲ. ಮಳೆಗಾಲ ಬಂದರೆ ಕರಾವಳಿ, ಮಲೆನಾಡಿನಲ್ಲಿ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ದೆಹಲಿಯ ಗಾಳಿ ಉಸಿರಾಡಲಾಗದಷ್ಟು ಕೆಟ್ಟಾಗ ಅಲ್ಲಿನ ಶಾಲೆಗಳು ಆನ್‌ಲೈನ್‌ಗೆ ಹೋದವು. ಈಗ ಶಾಲೆ ಮುಚ್ಚಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಆನ್‌ಲೈನ್ ಕ್ಲಾಸ್ ಇದೆಯಲ್ಲ". ಈ ಮಾತಿನ ಹಿಂದಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ಆಗ ಏನಾಗಿತ್ತು?

2020ರ ಮಾರ್ಚ್ ಮಧ್ಯದ ಹೊತ್ತಿಗೆ ಕರ್ನಾಟಕದ ಶಾಲೆಗಳು ಬಾಗಿಲು ಹಾಕಿದವು. ಯುನೆಸ್ಕೋ ಲೆಕ್ಕದ ಪ್ರಕಾರ ಜಗತ್ತಿನ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಭಾರತದಲ್ಲಿ ಈ ಸಂಖ್ಯೆ ಸುಮಾರು 25 ಕೋಟಿ ಎಂದು ಯುನಿಸೆಫ್ ಹೇಳಿತು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ನಂತರ. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ತನ್ನ ತರಗತಿಯ ಕೋಣೆಯಲ್ಲಿ ಒಂದು ದಿನವೂ ಕೂರದೆ ಎರಡನೇ ತರಗತಿಗೆ ಹೋಗಿತ್ತು.

ನಂಬಿಕೆ 1: ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಮಗು ಶಾಲೆಯ ಜೊತೆ ಇದ್ದಂತೆ

2020ರ ಸೆಪ್ಟೆಂಬರ್‌ನಲ್ಲಿ ನಡೆದ ಅಸರ್ ಸಮೀಕ್ಷೆ ಗ್ರಾಮೀಣ ಭಾರತದ ಒಂದು ದೊಡ್ಡ ಬದಲಾವಣೆಯನ್ನು ತೋರಿಸಿತು. ಶಾಲೆಗೆ ಹೋಗುವ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ. 36.5ರಷ್ಟು; 2020ರಲ್ಲಿ ಅದು ಶೇ. 61.8ಕ್ಕೆ ಏರಿತ್ತು. ಆದರೆ ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳಿತು. ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಏನಾದರೂ ಪಾಠ ಅಥವಾ ಅಭ್ಯಾಸ ಬಂತೇ ಎಂದು ಕೇಳಿದರೆ, ಬಂತು ಎಂದದ್ದು ಸುಮಾರು ಮೂರನೇ ಒಂದು ಭಾಗದ ಮಕ್ಕಳು ಮಾತ್ರ.

ಕಾರಣ ಊಹಿಸುವುದು ಕಷ್ಟವಲ್ಲ. ಫೋನ್ ಮನೆಯದ್ದು, ಮಗುವಿನದ್ದಲ್ಲ. ಅಪ್ಪ ಕೆಲಸಕ್ಕೆ ಹೋಗುವಾಗ ಅದು ಅವರ ಜೇಬಿನಲ್ಲಿ ಹೋಗುತ್ತದೆ. ಮನೆಯಲ್ಲಿ ಮೂವರು ಮಕ್ಕಳಿದ್ದರೆ ಮೊದಲ ಸರದಿ ಹತ್ತನೇ ತರಗತಿಯವರದ್ದು, ಕೊನೆಯ ಸರದಿ ಎರಡನೇ ತರಗತಿಯ ಪುಟ್ಟಿಯದ್ದು. ಅಷ್ಟು ಹೊತ್ತಿಗೆ ಡೇಟಾ ಮುಗಿದಿರುತ್ತದೆ.

ನಂಬಿಕೆ 2: ಗ್ರೂಪಿಗೆ ವಿಡಿಯೊ ಹಾಕಿದರೆ ಪಾಠ ಆಯಿತು

ಇದು ಎಲ್ಲಕ್ಕಿಂತ ಹೆಚ್ಚು ಚಾಲ್ತಿಯಲ್ಲಿರುವ ನಂಬಿಕೆ. ಶಿಕ್ಷಕರು ವಿಡಿಯೊ ಹಾಕುತ್ತಾರೆ, ಪಾಲಕರು ಕೈಮುಗಿಯುವ ಚಿಹ್ನೆ ಒತ್ತುತ್ತಾರೆ, ಎರಡು ನೀಲಿ ಗೆರೆ ಬೀಳುತ್ತದೆ. ಕೆಲಸ ಮುಗಿದಂತೆ ಕಾಣುತ್ತದೆ. ಮಗುವಿಗೆ ಅರ್ಥವಾಯಿತೇ ಎಂಬುದು ಈ ವ್ಯವಹಾರದಲ್ಲಿ ಎಲ್ಲೂ ಬರುವುದಿಲ್ಲ.

ಇದನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೊಂದು ಆಫ್ರಿಕಾದ ಬೋಟ್ಸ್ವಾನಾ ದೇಶದಿಂದ ಬಂದಿದೆ. 2020ರಲ್ಲಿ ಅಲ್ಲಿನ ಸುಮಾರು 4,500 ಕುಟುಂಬಗಳನ್ನು ಸಂಶೋಧಕರು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ಲೆಕ್ಕಗಳಿರುವ ಎಸ್ಸೆಮ್ಮೆಸ್ ಹೋಯಿತು. ಇನ್ನೊಂದು ಗುಂಪಿಗೆ ಎಸ್ಸೆಮ್ಮೆಸ್ ಜೊತೆಗೆ ವಾರಕ್ಕೊಂದು ಫೋನ್ ಕರೆಯೂ ಹೋಯಿತು. ಕರೆಯ ಅವಧಿ ಸುಮಾರು 15ರಿಂದ 20 ನಿಮಿಷ. ಮೂರನೆಯ ಗುಂಪಿಗೆ ಇವೆರಡೂ ಇಲ್ಲ. ಕರೆ ಹೋದ ಮನೆಗಳ ಮಕ್ಕಳ ಲೆಕ್ಕ ಗಮನಾರ್ಹವಾಗಿ ಸುಧಾರಿಸಿತು. ಎಸ್ಸೆಮ್ಮೆಸ್ ಮಾತ್ರ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2022ರಲ್ಲಿ ಇದು ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಭಾರತ, ನೇಪಾಳ, ಫಿಲಿಪೀನ್ಸ್, ಕೀನ್ಯಾ ಮತ್ತು ಉಗಾಂಡಾಗಳಲ್ಲಿ ಇದೇ ಬಗೆಯ ಪ್ರಯೋಗ ನಡೆದಾಗಲೂ ಫೋನ್ ಕರೆಯಿಂದ ಪ್ರಯೋಜನವಾದದ್ದು ಕಂಡುಬಂತು.

ಗಮನಿಸಿ, ಇಲ್ಲಿ ಬಳಸಿದ್ದು ಸಾಮಾನ್ಯ ಫೋನ್ ಕರೆ. ಕೀಪ್ಯಾಡ್ ಫೋನ್ ಸಾಕು, ಇಂಟರ್ನೆಟ್ ಬೇಡ, ಆ್ಯಪ್ ಬೇಡ.

ಕರೆಯಲ್ಲಿ ಅಂಥದ್ದೇನಿದೆ?

ಕರೆಯಲ್ಲಿ ಆ ಕಡೆ ಒಬ್ಬ ಮನುಷ್ಯ ಇದ್ದಾನೆ, ಅವನು ಉತ್ತರ ಕೊಡುತ್ತಾನೆ. ಇದರ ಬಲವನ್ನು ತೋರಿಸುವ ಎರಡು ಪ್ರಯೋಗಗಳಿವೆ.

ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಒಬ್ಬರು ಕುಳಿತು ಆಟವಾಡುತ್ತ ಮಾತಾಡಿದರು. ಇನ್ನು ಕೆಲವಕ್ಕೆ ಅದೇ ಮಾತುಗಳ ವಿಡಿಯೊ ತೋರಿಸಿದರು. ಎದುರು ಕುಳಿತು ಮಾತಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ವಿಡಿಯೊ ನೋಡಿದವು ಕಲಿಯಲಿಲ್ಲ. ಇದು 2003ರ ಫಲಿತಾಂಶ.

ಹಾಗಾದರೆ ಪರದೆಯೇ ತಪ್ಪು ಎನ್ನಬಹುದೇ? ಇಲ್ಲ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಪದಗಳನ್ನು ಕಲಿಸಲಾಯಿತು. ವಿಡಿಯೊ ಕಾಲ್‌ನಲ್ಲಿ ಮಗುವಿಗೆ ಪ್ರತಿಕ್ರಿಯಿಸುತ್ತ ಕಲಿಸಿದಾಗ ಮಕ್ಕಳು ಕಲಿತರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ತೋರಿಸಿದಾಗ ಕಲಿಯಲಿಲ್ಲ. ಎರಡೂ ಕಡೆ ಪರದೆ ಇತ್ತು, ಮರುಮಾತು ಇದ್ದದ್ದು ಒಂದೇ ಕಡೆ.

ಕೂಸುಗಳ ಮೇಲಿನ ಈ ಪ್ರಯೋಗಗಳನ್ನು ಹತ್ತು ವರ್ಷದ ಮಕ್ಕಳಿಗೆ ಹಾಗೇ ಅನ್ವಯಿಸಲಾಗದು ಎಂಬುದು ನಿಜ. ದೊಡ್ಡ ಮಕ್ಕಳು ಒಳ್ಳೆಯ ವಿಡಿಯೊದಿಂದ ಕಲಿಯುತ್ತಾರೆ. ಆದರೆ ತಪ್ಪಿದಾಗ ತಿದ್ದಲು, ಅರ್ಥವಾಗದಾಗ ಒಂದು ಹೆಜ್ಜೆ ಹಿಂದೆ ಹೋಗಿ ಹೇಳಲು ಯಾರಾದರೂ ಇದ್ದರೆ ಕಲಿಕೆ ಗಟ್ಟಿಯಾಗುತ್ತದೆ ಎಂಬುದನ್ನು ಫೋನ್ ಕರೆಯ ಪ್ರಯೋಗಗಳೂ ಹೇಳುತ್ತಿವೆ.

ನಂಬಿಕೆ 3: ಫೋನ್ ಇಲ್ಲದ ಮಗುವಿಗೆ ಏನೂ ಮಾಡಲಾಗದು

2020ರ ಆಗಸ್ಟ್‌ನಲ್ಲಿ ಕರ್ನಾಟಕ ಶಿಕ್ಷಣ ಇಲಾಖೆ ವಿದ್ಯಾಗಮ ಎಂಬ ಕಾರ್ಯಕ್ರಮ ಶುರುಮಾಡಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಹಾಗಾಗಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿಕೊಂಡರು. ಒಬ್ಬ ಶಿಕ್ಷಕರಿಗೆ ಸುಮಾರು 20ರಿಂದ 25 ಮಕ್ಕಳ ಹೊಣೆ. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ತರಗತಿಗಳಾದವು. ಜನ ಇದನ್ನು ವಠಾರ ಶಾಲೆ ಎಂದೂ ಕರೆದರು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದವು; ಅದನ್ನು ನೋಡಿದ ಮಗುವಿಗೆ ಸಂದೇಹ ಕೇಳಲು ಜಗಲಿಯ ಮೇಲೆ ಮೇಷ್ಟ್ರು ಸಿಗುತ್ತಿದ್ದರು.

ಇದರಲ್ಲಿ ಅಪಾಯವೂ ಇತ್ತು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳು ಬಂದು, ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. ನಂತರ 2021ರ ಜನವರಿಯಲ್ಲಿ ಬದಲಾದ ರೂಪದಲ್ಲಿ ಮತ್ತೆ ಆರಂಭಿಸಿತು. ಆಗಿನ ಪರಿಸ್ಥಿತಿಯಲ್ಲಿ ನಿಲ್ಲಿಸಿದ್ದು ಸರಿಯೇ ಎಂಬ ಚರ್ಚೆ ಬೇರೆ. ನಮಗಿಲ್ಲಿ ಮುಖ್ಯವಾದದ್ದು ಅದರ ಹಿಂದಿನ ಲೆಕ್ಕಾಚಾರ. ಯಾವ ಮಗು ಯಾವ ದಾರಿಯಲ್ಲಿ ಸಿಗುತ್ತದೆ ಎಂದು ಮೊದಲು ಪಟ್ಟಿ ಮಾಡು, ಆಮೇಲೆ ಪಾಠದ ಯೋಚನೆ ಮಾಡು. ಮಳೆ ರಜೆಗೂ ಈ ಲೆಕ್ಕಾಚಾರ ಹೊಂದುತ್ತದೆ.

ನಂಬಿಕೆ 4: ಶಾಲೆ ತೆರೆದ ಮೇಲೆ ಎಲ್ಲ ತಾನಾಗಿ ಸರಿಹೋಗುತ್ತದೆ

ಮಕ್ಕಳು ಶಾಲೆ ಬಿಟ್ಟುಬಿಡುತ್ತಾರೆ ಎಂಬ ದೊಡ್ಡ ಭಯ ಆಗ ಇತ್ತು. ಬಾಲ್ಯವಿವಾಹದ ಭಯವೂ ಇತ್ತು. ಕೋವಿಡ್‌ನಿಂದಾಗಿ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಹೆಚ್ಚುವರಿಯಾಗಿ ಒಂದು ಕೋಟಿ ಹೆಣ್ಣುಮಕ್ಕಳು ಬಾಲ್ಯವಿವಾಹಕ್ಕೆ ಸಿಲುಕಬಹುದು ಎಂದು ಯುನಿಸೆಫ್ 2021ರಲ್ಲಿ ಎಚ್ಚರಿಸಿತ್ತು. ದಾಖಲಾತಿಯ ಮಟ್ಟಿಗೆ ಸಮಾಧಾನದ ಸುದ್ದಿ ಬಂತು. ಅಸರ್ 2022ರ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಶಾಲೆಗೆ ದಾಖಲಾದವರು ಶೇ. 98.4.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವುದು ಬೇರೆ, ಓದಲು ಬರುವುದು ಬೇರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2021ರ ಫೆಬ್ರುವರಿಯಲ್ಲಿ ಹೊರಬಂತು. ಹಿಂದಿನ ವರ್ಷ ಕಲಿತಿದ್ದ ಒಂದಾದರೂ ಭಾಷಾ ಕೌಶಲವನ್ನು ಮರೆತವರು ಶೇ. 92ರಷ್ಟು ಮಕ್ಕಳು. ಗಣಿತದಲ್ಲಿ ಹೀಗಾದವರು ಶೇ. 82. ಹೊಸದು ಕಲಿಯದಿರುವುದು ಒಂದು ನಷ್ಟ, ಬರುತ್ತಿದ್ದದ್ದೂ ಮರೆತುಹೋಗುವುದು ಇನ್ನೊಂದು ನಷ್ಟ. ಇದನ್ನು ತುಂಬಿಕೊಳ್ಳಲೆಂದೇ ಕರ್ನಾಟಕ 2022-23ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮ ನಡೆಸಬೇಕಾಯಿತು.

ಅದೇ ವಿಶ್ವವಿದ್ಯಾಲಯದ 2020ರ ಇನ್ನೊಂದು ಅಧ್ಯಯನದಲ್ಲಿ ಶೇ. 80ಕ್ಕೂ ಹೆಚ್ಚು ಶಿಕ್ಷಕರು ಆನ್‌ಲೈನ್ ತರಗತಿಯಲ್ಲಿ ಮಕ್ಕಳೊಂದಿಗೆ ಭಾವನಾತ್ಮಕ ನಂಟು ಉಳಿಸಿಕೊಳ್ಳಲಾಗುತ್ತಿಲ್ಲ ಎಂದಿದ್ದರು. ಈ ಕೊರತೆ ಮಕ್ಕಳಿಗೆ ಮಾತ್ರವಲ್ಲ, ಶಿಕ್ಷಕರಿಗೂ ನೋವು ತಂದಿತ್ತು.

"ಎಲ್ಲ ಒಳ್ಳೆಯದಾಗುತ್ತದೆ" ಎಂದರೆ ಭರವಸೆ ಹುಟ್ಟುತ್ತದೆಯೇ?

ಇಂಥ ಸಮಯದಲ್ಲಿ ಗ್ರೂಪುಗಳಲ್ಲಿ ಸ್ಫೂರ್ತಿಯ ಮಾತುಗಳು, ಸೂರ್ಯೋದಯದ ಚಿತ್ರಗಳು ತುಂಬಿರುತ್ತವೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಭರವಸೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ ಪ್ರಕಾರ ಭರವಸೆಗೆ ಮೂರು ಅಂಗಗಳಿವೆ. ತಲುಪಬೇಕಾದ ಗುರಿ, ಅಲ್ಲಿಗೆ ಹೋಗುವ ದಾರಿ, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಎಂಬ ಧೈರ್ಯ.

ಮನೆಯಲ್ಲಿ ಕುಳಿತ ಮಗುವಿಗೆ "ಚಿಂತೆ ಮಾಡಬೇಡ" ಎಂದರೆ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ. "ಗುರುವಾರದೊಳಗೆ ಏಳರ ಮಗ್ಗಿ ಕಲಿಯೋಣ, ದಿನಾ ಎರಡು ಸಾಲು ಹೇಳು, ಗುರುವಾರ ಸಂಜೆ ನಾನೇ ಫೋನ್ ಮಾಡಿ ಕೇಳುತ್ತೇನೆ" ಎಂದರೆ ಗುರಿಯೂ ಇದೆ, ದಾರಿಯೂ ಇದೆ. ಗುರುವಾರ ಫೋನ್ ನಿಜವಾಗಿ ಬಂದರೆ, ಮಗ್ಗಿ ಒಪ್ಪಿಸಿದ ಮಗುವಿಗೆ ಧೈರ್ಯವೂ ಬರುತ್ತದೆ. ಹೇಳಿದ ದಿನ ಕರೆ ಮಾಡದಿದ್ದರೆ ಅಷ್ಟೇ ಬೇಗ ಮುರಿಯುತ್ತದೆ. ಆದ್ದರಿಂದ ಕಡಿಮೆ ಮಾತು ಕೊಡಿ, ಕೊಟ್ಟದ್ದನ್ನು ಉಳಿಸಿಕೊಳ್ಳಿ.

ಮುಂದಿನ ಸಲ ಶಾಲೆ ಮುಚ್ಚಿದರೆ

ಶಿಕ್ಷಕರು: ಇಡೀ ತರಗತಿಗೆ ದಿನವೂ ಕರೆ ಮಾಡಲಾಗದು. ಆದರೆ ದಿನಕ್ಕೆ ಐದು ಮಕ್ಕಳಿಗೆ ಹತ್ತು ಹತ್ತು ನಿಮಿಷವೆಂದರೆ ಐವತ್ತು ನಿಮಿಷ. ಐದು ದಿನದಲ್ಲಿ 25 ಮಕ್ಕಳು. ಮೊದಲು "ಊಟ ಆಯ್ತಾ, ಮನೇಲಿ ಎಲ್ಲಾ ಹೇಗಿದ್ದಾರೆ" ಎಂದು ಕೇಳಿ, ಆಮೇಲೆ ಒಂದೇ ಒಂದು ಲೆಕ್ಕ ಅಥವಾ ಒಂದು ಪ್ಯಾರಾ ಓದಿಸಿ. ಗ್ರೂಪಿನಲ್ಲಿ ಯಾರು ಉತ್ತರಿಸುತ್ತಿಲ್ಲವೋ ಅವರಿಂದಲೇ ಶುರುಮಾಡಿ.

ಪಾಲಕರು: ಓದು ಬಾರದಿದ್ದರೂ ಕೇಳಲು ಬರುತ್ತದೆ. "ಇವತ್ತು ಏನು ಕಲಿತೆ, ನನಗೂ ಹೇಳು" ಎನ್ನುವುದೇ ಒಂದು ಪಾಠ. ಮಗು ವಿವರಿಸಲು ಹೋದಾಗ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಅದಕ್ಕೇ ತಿಳಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಫೋನ್ ಮಗುವಿನದ್ದು ಎಂದು ಸಮಯ ಗೊತ್ತುಮಾಡಿ.

ಮಕ್ಕಳು: ಇಬ್ಬಿಬ್ಬರು ಜೋಡಿಯಾಗಿ. ಫೋನ್ ಇರುವ ಗೆಳೆಯ, ಇಲ್ಲದ ಗೆಳತಿಗೆ ಮನೆಪಾಠ ತಿಳಿಸಲಿ.

ಗ್ರೂಪ್ ಅಡ್ಮಿನ್‌ಗಳು: ಶಾಲೆಯ ಗ್ರೂಪಿನಲ್ಲಿ ಶುಭೋದಯದ ಚಿತ್ರ, ರಾಜಕೀಯದ ವಿಡಿಯೊ ಬೇಡ. ನೂರು ಮೆಸೇಜಿನ ಅಡಿ ಮಗುವಿನ ಪ್ರಶ್ನೆ ಹೂತುಹೋಗುತ್ತದೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ಬರುವ ರಜೆಯ ಆದೇಶವನ್ನು ದಿನಾಂಕ ನೋಡಿ, ಶಾಲೆಯನ್ನು ಅಥವಾ ಜಿಲ್ಲಾಡಳಿತದ ಅಧಿಕೃತ ಖಾತೆಯನ್ನು ನೋಡಿ ಖಚಿತಪಡಿಸಿಕೊಂಡೇ ಹಂಚಿ. ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವವರಿದ್ದಾರೆ.

ಕೊನೆಯ ಮಾತು

ಸುಳ್ಯದ ಆ ಹುಡುಗಿಗೆ ಸಿಗ್ನಲ್ ಬೇಕಿತ್ತು, ನಿಜ. ಹಳ್ಳಿಗಳಿಗೆ ನೆಟ್‌ವರ್ಕ್ ಕೊಡಿ ಎಂದು ಕೇಳುವುದನ್ನು ನಾವು ಬಿಡಬಾರದು. ಜೊತೆಗೆ, ಆ ಫೋಟೋದಲ್ಲಿ ಕೊಡೆ ಹಿಡಿದವರೊಬ್ಬರು ಇದ್ದರು ಎಂಬುದನ್ನೂ ಮರೆಯಬಾರದು. ಪ್ರತಿ ಮಗುವಿಗೂ ಅಂಥವರೊಬ್ಬರು ಬೇಕು. ಅದು ಮನೆಯವರಾಗಬಹುದು, ಮೇಷ್ಟ್ರಾಗಬಹುದು, ಪಕ್ಕದ ಮನೆಯ ಕಾಲೇಜು ಓದುವ ಅಕ್ಕನಾಗಬಹುದು.

ಈ ಲೇಖನವನ್ನು ನಿಮ್ಮ ಶಾಲೆಯ ಗ್ರೂಪಿಗೆ ಖಂಡಿತ ಫಾರ್ವರ್ಡ್ ಮಾಡಿ. ಮಾಡುವ ಮೊದಲು ಆ ಗ್ರೂಪಿನಲ್ಲಿ ಇಲ್ಲದ ಮಗು ಯಾವುದು ಎಂದು ಒಮ್ಮೆ ಯೋಚಿಸಿ, ಆ ಮನೆಗೆ ಒಂದು ಫೋನ್ ಮಾಡಿ. ಫೋನ್ ಇಲ್ಲದ ಮನೆಯಾದರೆ, ಮಳೆ ನಿಂತ ಮೇಲೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.